ಅಂಚು ಬಂದರೆ ವೇಗ ಸೊನ್ನೆ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಹನ್ನೊಂದು ಗಂಟೆಯ ಕ್ಲಾಸಿನವರು ಬರಲಿಲ್ಲ. ನೆಗಡಿಯಂತೆ. ಕಾರನ್ನು ಮೈದಾನದ ಗೋಡೆ ಪಕ್ಕ ನಿಲ್ಲಿಸಿಕೊಂಡು, ಫೋನನ್ನು ಸ್ಟಿಯರಿಂಗಿಗೆ ಒರಗಿಸಿ, ಮತ್ತೆ ಅದೇ ವಿಡಿಯೋ. ಕಂಪ್ಯೂಟರ್ ಗೇಮ್ ಮಾಡುವುದು ಹೇಗೆ ಅಂತ. ಆಡುವುದಲ್ಲ — ಮಾಡುವುದು.

ಮೊನ್ನೆ ರಿವರ್ಸ್ ಪಾರ್ಕಿಂಗ್ ವಿಡಿಯೋ ಹುಡುಕುವಾಗ ಇದು ಪಕ್ಕದಲ್ಲಿ ಬಂದು ಕೂತಿತ್ತು. ಫ್ರೀ ಕೋರ್ಸು. ಪಾಠ ಮಾಡುವಾಕೆಗೆ ಗುಂಗುರು ಕೂದಲು, ಪಟಪಟ ಮಾತು. ನಡುನಡುವೆ ಅವರ ಬೆಕ್ಕು ಕೀಬೋರ್ಡಿನ ಮೇಲೆ ನಡೆದು ಹೋಗುತ್ತದೆ. ಅದನ್ನೆತ್ತಿ ಪಕ್ಕಕ್ಕಿಟ್ಟು, ಏನೂ ಆಗಿಲ್ಲವೆಂಬಂತೆ ಪಾಠ ಮುಂದುವರಿಸುತ್ತಾರೆ. ಬೆಕ್ಕಿನ ಮೇಡಂ ಅಂತ ಹೆಸರಿಟ್ಟಿದ್ದೇನೆ.

ಇವತ್ತಿನ ಪಾಠದಲ್ಲಿ ಒಂದು ಬಿಳಿ ಚೌಕ. ಕೀ ಒತ್ತಿದರೆ ಹಾರುತ್ತದೆ. ಅಷ್ಟೇ. ಅಷ್ಟಕ್ಕೇ ನನ್ನ ಎದೆ ಡವಡವ ಅಂದಿತು. ಹೇಳಿದರೆ ಹಾರುತ್ತದೆ, ಹೇಳದಿದ್ದರೆ ತೆಪ್ಪಗೆ ನಿಂತಿರುತ್ತದೆ. ಹದಿನೆಂಟು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ಹೇಳಿದ್ದನ್ನು ಒಂದೇ ಸಲಕ್ಕೆ ಕೇಳುವ ಶಿಷ್ಯ ಸಿಕ್ಕಿದ್ದು ಇದೇ ಮೊದಲು.

ಮಾರ್ಚ್ 5, ಬುಧವಾರ, ಸಂಜೆ

ಒಂದೇ ಸಂಜೆಗೆ ಹನ್ನೊಂದು ಕೋರ್ಸಿಗೆ ಹೆಸರು ಕೊಟ್ಟುಬಿಟ್ಟೆ. ಎಲ್ಲ ಫ್ರೀ. ಗೇಮ್ ಡಿಸೈನ್ ಅಂದರೇನು ಅಂತ ಒಂದು. ಕೋಡಿಂಗಿಗೆ ಎರಡು. ಗೇಮಿನೊಳಗಿನ ಶಬ್ದಕ್ಕೆ ಒಂದು. ಬರೀ ಮರ ಮಾಡುವುದನ್ನು ಕಲಿಸುವುದಕ್ಕೇ ಒಂದು — ಎಲೆ, ಕೊಂಬೆ, ತೊಗಟೆ. ದೊಡ್ಡ ದೊಡ್ಡ ಯೂನಿವರ್ಸಿಟಿಯವರೂ ಸುಮ್ಮನೆ ಬಾಗಿಲು ತೆರೆದಿಟ್ಟಿದ್ದಾರೆ. ಯಾರಾದರೂ ಬಂದು ನೀನ್ಯಾರು, ಏನು ಓದಿದ್ದೀಯ ಅಂತ ಕೇಳಲಿ ಅಂತ ಕಾದೆ. ಯಾರೂ ಕೇಳಲಿಲ್ಲ.

ಇವರು ಪ್ರೆಸ್ಸಿನಿಂದ ಬಂದವರು ಹಿಂದೆ ನಿಂತು ನೋಡುತ್ತಿದ್ದರು. "ಫ್ರೀ ಅಂತ ಎಲ್ಲಾ ಬಸ್ಸಿಗೂ ಹತ್ತಿದ್ರೆ ಯಾವ ಊರಿಗೆ ಹೋಗ್ತೀಯೇ?"

"ಹತ್ತಿ ನೋಡ್ತೀನಿ. ಸರಿ ಹೋಗದಿದ್ರೆ ಇಳೀತೀನಿ."

ಒಳಗಿನಿಂದ ಅತ್ತೆ: "ಇಳಿಯೋದಕ್ಕೆ ಮಂಡಿ ಬೇಕಲ್ಲಮ್ಮ."

ನಮ್ಮ ಅತ್ತೆಯ ಬಾಯಿಗೆ ಯಾರೂ ಸಾಟಿಯಿಲ್ಲ.

ಮಾರ್ಚ್ 10, ಸೋಮವಾರ

ಮಂಡಿ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ನಾವು ತುಳಿಯುವುದಕ್ಕೆ. ಹದಿನೆಂಟು ವರ್ಷ ತುಳಿದೂ ತುಳಿದೂ ಬಲ ಮಂಡಿ ಸವೆದು ಹೋಗಿದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. "ಬೇಸಿಗೆ ಮುಗಿಯೋದ್ರೊಳಗೆ ಈ ಕೆಲಸ ಬಿಡಿ. ಇಲ್ಲಾಂದ್ರೆ ಮಂಡೀನೇ ನಿಮ್ಮನ್ನ ಬಿಡುತ್ತೆ."

ಓನರಿಗೆ ಹೇಳಿದೆ. ಒಳ್ಳೆಯ ಮನುಷ್ಯ. ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಕೊಡುತ್ತೇನೆ ಅಂದರು. ನಮಸ್ಕಾರ, ಡ್ರೈವಿಂಗ್ ಸ್ಕೂಲ್, ಹೇಳಿ. ನಮಸ್ಕಾರ, ಡ್ರೈವಿಂಗ್ ಸ್ಕೂಲ್, ಹೇಳಿ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನನ್ನು ಕೂರಿಸಿದರೆ ವಾರಕ್ಕೆ ಹುಚ್ಚು ಹಿಡಿಯುತ್ತದೆ. ಯೋಚಿಸಿ ಹೇಳ್ತೀನಿ ಸಾರ್ ಅಂದು ಬಂದೆ. ದಾರಿಯುದ್ದಕ್ಕೂ ಅಳು ಬಂತು.

ಆಮೇಲೆ ಮನೆಗೆ ಬಂದು ಹತ್ತು ಕೋರ್ಸಿನಿಂದ ಹೆಸರು ತೆಗೆದೆ. ಬೆಕ್ಕಿನ ಮೇಡಂದು ಒಂದೇ ಉಳಿಸಿಕೊಂಡೆ. ಒಂದೇ ಬಸ್ಸು. ಇನ್ನು ಇಳಿಯುವ ಮಾತಿಲ್ಲ.

ಮಾರ್ಚ್ 16, ಭಾನುವಾರ

ಚೌಕ ಹಾರಿತು!! ನನ್ನ ಚೌಕ, ನನ್ನ ಕೈಯಿಂದ, ನಮ್ಮ ಊಟದ ಮೇಜಿನ ಮೇಲೆ.

ಇವರ ಪ್ರೆಸ್ಸಿನವರು ಬೇಡವೆಂದು ಬಿಟ್ಟ ಲ್ಯಾಪ್‌ಟಾಪು. 'ಕ' ಕೀಯನ್ನು ಗುದ್ದಬೇಕು. ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತದೆ. ಪರವಾಗಿಲ್ಲ. ಹಾರಿದ ಚೌಕ ಮೊದಮೊದಲು ಕೆಳಗೇ ಬರಲಿಲ್ಲ, ಮೇಲೆ ಹೋದದ್ದು ಹೋಗೇಬಿಟ್ಟಿತು. ಗುರುತ್ವಾಕರ್ಷಣೆ ಹಾಕುವುದನ್ನೇ ಮರೆತಿದ್ದೆ. ಅದನ್ನೂ ನಾವೇ ಹಾಕಬೇಕು! ಈ ಪ್ರಪಂಚದಲ್ಲಿ ನಾವು ಹೇಳದೆ ಏನೂ ಕೆಳಗೆ ಬೀಳುವುದಿಲ್ಲ.

ಅತ್ತೆಯನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಡಬ್ಬಿ ಹಾರ್ತಾ ಇದೆ. ಸರಿ. ಆಮೇಲೆ?"

ಆಮೇಲೆ ಏನು ಅಂತ ನನಗೂ ಗೊತ್ತಿಲ್ಲ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ

ಎರಡು ವಾರ ಬರೆದಿಲ್ಲ. ಬರೆಯುವುದಕ್ಕೆ ಕೈ ಬಿಡುವಾಗಿದ್ದರೆ ತಾನೇ. ಬೆಳಿಗ್ಗೆ ಕ್ಲಾಸಿಗೆ ಮೊದಲು ಒಂದು ಪಾಠ, ಶಿಷ್ಯರ ನಡುವೆ ಕಾರಿನಲ್ಲಿ ಒಂದು, ಸಂಜೆ ಒಂದು. ಸೊಪ್ಪು ಬಿಡಿಸುತ್ತಾ ಕೂಡ ಕೇಳುತ್ತೇನೆ. ಇವರು, "ಆ ಬೆಕ್ಕು ಈಗ ನಮ್ಮ ಮನೇದೇ ಆಗೋಯ್ತು" ಅನ್ನುತ್ತಾರೆ.

ಮೇಡಂ ಹೇಳಿದರು: ನಿಮಗೆ ಚೆನ್ನಾಗಿ ಗೊತ್ತಿರುವುದರ ಮೇಲೆ ಆಟ ಮಾಡಿ. ನನಗೆ ಗೊತ್ತಿರುವುದು ಕಾರು. ಸುತರಾಂ ಬೇಡ. ಹಗಲೆಲ್ಲ ಅದೇ, ಮನೆಗೆ ಬಂದೂ ಅದೇನಾ? ವಾರವೆಲ್ಲ ತಲೆ ಕೆರೆದುಕೊಂಡೆ.

ಈಗ, ಅರ್ಧ ಗಂಟೆಯ ಹಿಂದೆ — ಅಡುಗೆಮನೆ ಕಟ್ಟೆಯ ಮೇಲೆ ಒಂದು ಇರುವೆ. ತನಗಿಂತ ದೊಡ್ಡ ಸಕ್ಕರೆ ಹರಳು ಹೊತ್ತು ಹೊರಟಿದೆ. ತಟ್ಟೆಯ ಅಂಚು ಹತ್ತಿತು. ಜಾರಿತು. ಮತ್ತೆ ಹತ್ತಿತು. ಅತ್ತೆ ಒದ್ದೆ ಬಟ್ಟೆ ಹಿಡಿದು ಬಂದರು.

"ಅತ್ತೆ, ತಡೀರಿ. ಒರೆಸಬೇಡಿ."

"ಯಾಕೆ, ನಿನಗೆ ಬೇಕಾದವರಾ?"

ಹೌದು. ಬೇಕಾದವರೇ. ಆಟ ಸಿಕ್ಕಿತು. ಸಕ್ಕರೆ ಡಬ್ಬಿಯಿಂದ ಕಿಟಕಿ ಕೆಳಗಿನ ಬಿರುಕಿನವರೆಗೆ ಇರುವೆ ಹರಳು ಹೊತ್ತು ಹೋಗಬೇಕು. ತಟ್ಟೆಯ ಅಂಚು. ಒಲೆಯ ಕಟ್ಟೆ. ಸಿಂಕಿನ ಮೇಲೆ ಅಡ್ಡ ಮಲಗಿದ ಸೌಟು — ಅದೇ ಸೇತುವೆ. ಮೇಲಿನಿಂದ ತೊಟ್ಟಿಕ್ಕುವ ನಲ್ಲಿ. ಹನಿ ಬಿದ್ದರೆ ಸಕ್ಕರೆ ಕರಗಿತು. ಕ್ಲಾಸಿಗೆ ತಡವಾಯಿತು, ಆಗಲಿ. ಮೈಯೆಲ್ಲ ಜುಮ್ಮೆನ್ನುತ್ತಿದೆ.

ಏಪ್ರಿಲ್ 11, ಶುಕ್ರವಾರ

ಇರುವೆ ನಡೆಯಿತು. ಆರು ಕಾಲಿನಲ್ಲಿ ನಾಲ್ಕು ಸರಿಯಾಗಿ ಅಲ್ಲಾಡುತ್ತವೆ, ಎರಡು ಹಿಂದಕ್ಕೆ ಹೋಗುತ್ತವೆ. ಕುಂಟಿರುವೆ. ಥೇಟ್ ನನ್ನ ಹಾಗೆ.

ತಟ್ಟೆಯ ಅಂಚಿನವರೆಗೆ ಓಡಿಸಿದೆ. ಬಿದ್ದುಬಿಟ್ಟಿತು. ಜೀವ ಝಲ್ಲೆಂದಿತು, ನಿಜವಾದದ್ದೇ ಬಿದ್ದಂತೆ. ಕೂಡಲೇ ಒಂದು ಸಾಲು ಬರೆದು ಸೇರಿಸಿದೆ: ಅಂಚು ಬಂದರೆ ವೇಗ ಸೊನ್ನೆ. ಈಗ ಅಂಚಿಗೆ ಬಂದ ಕೂಡಲೇ ಇರುವೆ ತಾನಾಗಿಯೇ ನಿಲ್ಲುತ್ತದೆ. ನಲ್ಲಿಯ ಹನಿಗೂ ಹಾಗೇ ಮಾಡಿದೆ. ಹನಿ ಬೀಳುವ ಹೊತ್ತಾದರೆ ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ. ಇದನ್ನು ಮೇಡಂ ಹೇಳಿಕೊಟ್ಟಿರಲಿಲ್ಲ, ಪೂರ್ತಿ ನನ್ನ ತಲೆಯದೇ. ಬೀಗಿದೆ.

ಏಪ್ರಿಲ್ 20, ಭಾನುವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಕೋರ್ಸಿನ ಗುಂಪಿನಲ್ಲಿ ಒಂದು ಪ್ರಕಟಣೆ. ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಚಿಕ್ಕ ಗೇಮ್ ಕಂಪನಿ ಇದೆಯಂತೆ. ದಿನಾ ಅದರ ಕೆಳಗೇ ಕಾರು ತಿರುಗಿಸುತ್ತೇನೆ, ಒಂದು ದಿನವೂ ತಲೆಯೆತ್ತಿ ನೋಡಿಲ್ಲ. ಕೆಲಸ ಕಲಿಯುವ ಟ್ರೈನಿಗಳು ಬೇಕಂತೆ, ಸಂಬಳ ಕೊಡುತ್ತಾರಂತೆ. ವಯಸ್ಸಿನ ಮಿತಿ ಇಲ್ಲ. ಡಿಗ್ರಿ ಕೇಳುವುದಿಲ್ಲ. ಬೆಕ್ಕಿನ ಮೇಡಂ ಕೋರ್ಸು ಪಾಸಾಗಿರಬೇಕು, ಮೇ ಹನ್ನೊಂದರ ಸಂಜೆಯೊಳಗೆ ಅರ್ಜಿ ಹಾಕಬೇಕು. ಕೂತು ಮಾಡುವ ಕೆಲಸ. ಮಂಡಿಗೆ ಪೆಟ್ಟಿಲ್ಲ. ಕಿಟಕಿಯೂ ಇದೆ, ಸಂಜೆ ಹೋಗಿ ಕೆಳಗಿನಿಂದ ನೋಡಿಕೊಂಡು ಬಂದೆ.

ಪಾಸಾಗುವುದಕ್ಕೆ ಒಂದೇ ಷರತ್ತು. ಗುರುತಿಲ್ಲದ ಐದು ಜನ ನಮ್ಮ ಆಟವನ್ನು ಕೊನೆಯವರೆಗೂ ಆಡಬೇಕು. ಅವರು ಆಡುವುದನ್ನು ನಾವು ನಮ್ಮ ಪರದೆಯಲ್ಲಿ ನೋಡಬಹುದು. ಪಕ್ಕದಲ್ಲಿ 'ಸುಳಿವು' ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ನಾವೇನಾದರೂ ಹೇಳಿಕೊಟ್ಟೆವೋ, ಆ ಒಬ್ಬರು ಲೆಕ್ಕಕ್ಕಿಲ್ಲ. ಅಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಅದೊಂದು ನನಗೆ ಬರುವುದಿಲ್ಲ.

ಏಪ್ರಿಲ್ 27, ಭಾನುವಾರ, ಸಂಜೆ

ಆಟ ಮುಗಿಯಿತು ಅಂದುಕೊಂಡು ಬೆಳಿಗ್ಗೆಯೇ ಗುಂಪಿಗೆ ಹಾಕಿದೆ. ಮೊದಲು ಇವರ ಕೈಗೆ ಕೊಟ್ಟಿದ್ದೆ. ಆಡಿದರು. "ಚೆನ್ನಾಗಿದೆ ಕಣೇ" ಅಂದರು. ಅನ್ನುತ್ತಲೇ ಆಕಳಿಸಿದರು. ಪ್ರೆಸ್ಸಿನ ಸುಸ್ತು ಅಂದುಕೊಂಡೆ.

ಹೊರಗಿನವರು ಮೂರು ಜನ ಬಂದರು. ಮೂರೂ ಜನ ಅರ್ಧಕ್ಕೇ ಬಿಟ್ಟು ಹೋದರು. ಒಬ್ಬರು ಒಲೆಯ ಕಟ್ಟೆ ಕೂಡ ದಾಟಲಿಲ್ಲ. ಬರೆದದ್ದು ಒಬ್ಬರೇ, ಅದೂ ಒಂದೇ ಪದ: ಬೇಜಾರು.

ಬೇಜಾರಾ? ಎಲ್ಲಾದರೂ ಬಿದ್ದರಾ? ಇಲ್ಲ. ಎಲ್ಲಾದರೂ ಸಿಕ್ಕಿಹಾಕಿಕೊಂಡರಾ? ಇಲ್ಲ. ಇದಕ್ಕಿಂತ ಸಲೀಸು ಆಟ ಇನ್ನೇನು ಬೇಕು ಈ ಜನಕ್ಕೆ. ಯಾರ ಹತ್ತಿರವೂ ಮಾತಾಡುವ ಮನಸ್ಸಿಲ್ಲ. ಅತ್ತೆ ಊಟಕ್ಕೆ ಕರೆದರು, ಹಸಿವಿಲ್ಲ ಅಂದೆ.

ಏಪ್ರಿಲ್ 29, ಮಂಗಳವಾರ

ಗಾಯದ ಮೇಲೆ ಬರೆ. ಬ್ಯಾಂಕಿನ ಹುಡುಗಿ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲು.

ನನ್ನ ಈ ವರ್ಷದ ಬೆಸ್ಟ್ ಸ್ಟೂಡೆಂಟ್ ಅವಳು. ನನ್ನ ಜೊತೆ ಒಂದು ದಿನವೂ ಎಲ್ಲೂ ತಗುಲಿಸಿಲ್ಲ. ಟೆಸ್ಟಿನಲ್ಲಿ ಪಕ್ಕಕ್ಕೆ ಇನ್ಸ್‌ಪೆಕ್ಟರು ಕೂತಿದ್ದರು, ನಾನು ಹೊರಗೆ ನಿಂತು ನೋಡುತ್ತಿದ್ದೆ. ತಿರುವಿನವರೆಗೆ ಚೆನ್ನಾಗಿಯೇ ಬಂದಳು. ತಿರುವಿನಲ್ಲಿ ನಿಧಾನ ಮಾಡಲೇ ಇಲ್ಲ. ಸೀದಾ ಹೋಗಿ ಕಂಬಕ್ಕೆ ಮುತ್ತಿಟ್ಟಳು.

ಇಳಿದು ಬಂದವಳ ಮುಖ ಬಿಳಿಚಿಕೊಂಡಿತ್ತು. "ಯಾಕಮ್ಮ ಬ್ರೇಕ್ ಹಾಕ್ಲಿಲ್ಲ?"

"ಬೀಳುತ್ತೆ ಅಂದ್ಕೊಂಡೆ ಮೇಡಂ. ಅಲ್ಲಿ ಯಾವಾಗ್ಲೂ ತಾನೇ ಬೀಳ್ತಿತ್ತಲ್ಲ."

ಬೈಯಬೇಕು ಅಂದುಕೊಂಡಿದ್ದವಳು ಅವಳಿಗೆ ಕಾಫಿ ಕೊಡಿಸಿ ಬ್ಯಾಂಕಿನವರೆಗೆ ಬಿಟ್ಟು ಬಂದೆ.

ಮೇ 1, ಗುರುವಾರ, ರಜೆ

ಅತ್ತೆಗೆ ನನ್ನ ಊದಿದ ಮುಖ ನೋಡಿ ನೋಡಿ ಸಾಕಾಗಿತ್ತು. "ಕೊಡಿಲ್ಲಿ ಆ ಇರುವೇನ" ಅಂತ ಲ್ಯಾಪ್‌ಟಾಪಿನ ಮುಂದೆ ಕೂತರು. ಬಾಣದ ಕೀ ತೋರಿಸಿಕೊಟ್ಟೆ. ತೋರುಬೆರಳಿನಿಂದ ಒಂದೊಂದೇ ಒತ್ತಿದರು. ಅಂಚು ಬಂತು, ಇರುವೆ ನಿಂತಿತು. ಇನ್ನೊಂದು ಅಂಚು, ಮತ್ತೆ ನಿಂತಿತು. ಹನಿ, ನಿಂತಿತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಇದು ಯಾರು ಆಡ್ತಿರೋದು?"

"ನೀವೇ ಅತ್ತೆ."

"ನಾನಲ್ಲಮ್ಮ. ನೀನು. ನಾನು ಸುಮ್ನೆ ಪಕ್ಕದಲ್ಲಿ ಕೂತಿದೀನಿ. ನಾನು ಬೀಳಬೇಕು ಅಂದ್ರೂ ನೀನು ಬಿಡಲ್ಲ."

"ಬಿದ್ರೆ ಸಕ್ಕರೆ ಹೋಗುತ್ತಲ್ಲ..."

"ಹೋಗ್ಲಿ. ನನ್ನ ಸಕ್ಕರೆ."

ಬ್ಯಾಂಕಿನ ಹುಡುಗಿಯ ಬಿಳಿಚಿದ ಮುಖ ಕಣ್ಣಮುಂದೆ ಬಂತು. ಇಷ್ಟು ವರ್ಷ ಎಷ್ಟು ಜನರ ಬ್ರೇಕನ್ನು ನಾನೇ ತುಳಿದಿರಬೇಕು. ಅವರೆಲ್ಲ ಕಲಿತರು ಅಂದುಕೊಂಡು ಮೆರೆದಿದ್ದೇನೆ. ಕಾರಿನಲ್ಲಿ ತುಳಿದದ್ದು ಸಾಲದು ಅಂತ ಇರುವೆಗೂ ಒಂದು ಬ್ರೇಕ್ ಕಟ್ಟಿದ್ದೇನೆ. ನಾಚಿಕೆಯಾಯಿತು. ಆಮೇಲೆ ನಗುವೂ ಬಂತು. ಅತ್ತೆಯೂ ನಕ್ಕರು, ಯಾಕೆ ಅಂತ ಕೇಳಲಿಲ್ಲ.

ಮೇ 3, ಶನಿವಾರ

'ಅಂಚು ಬಂದರೆ ವೇಗ ಸೊನ್ನೆ' — ಆ ಸಾಲು ತೆಗೆದೆ. ಅಳಿಸುವ ಮುಂಚೆ ಒಂದು ನಿಮಿಷ ಕೈ ಓಡಲಿಲ್ಲ. ಅಳಿಸಿದೆ.

ಬರೀ ತೆಗೆದರೆ ಸಾಲದು. ಬೆಕ್ಕಿನ ಮೇಡಂ ಏಳನೇ ಪಾಠ ಮತ್ತೆ ಹಾಕಿಕೊಂಡು ನೋಡಿದೆ. ಬಿದ್ದವರು ತಟ್ಟನೆ ಏಳುವಂತಿರಬೇಕು, ಬಹಳ ಹಿಂದಿನಿಂದ ಬರುವಂತಾಗಬಾರದು ಅನ್ನುತ್ತಾರೆ. ಹೋದ ಸಲ ಈ ಮಾತು ಬಂದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ. ಈಗ ಇರುವೆ ಬಿದ್ದರೆ ಬಿದ್ದ ಜಾಗದ ಸ್ವಲ್ಪ ಹಿಂದೆಯೇ ಹೊಸ ಹರಳು ಹೊತ್ತು ನಿಲ್ಲುತ್ತದೆ, ಮೀಸೆ ಒರೆಸಿಕೊಳ್ಳುತ್ತದೆ. ಮೀಸೆಗೇ ಒಂದು ಇಡೀ ಬೆಳಿಗ್ಗೆ ಹೋಯಿತು. ಸಾರ್ಥಕ.

ಅತ್ತೆಗೆ ಕೊಟ್ಟೆ. ಮೊದಲ ಅಂಚಿನಲ್ಲೇ ಧೊಪ್ಪೆಂದು ಬಿತ್ತು. "ಅಯ್ಯೋ ಮಂಕೇ, ನೋಡ್ಕೊಂಡು ಹೋಗಬಾರದಾ" ಅಂತ ಇರುವೆಗೆ ಬೈದರು. ಮತ್ತೆ ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿ ಮುಂದಕ್ಕೆಳೆದುಕೊಂಡರು. ಇವರು ಬಂದು "ಅಮ್ಮ, ನಾನೊಂದ್ಸಲ" ಅಂದರು. ಅತ್ತೆ ತಿರುಗಿಯೂ ನೋಡಲಿಲ್ಲ. "ತಡಿಯೋ, ಸೌಟಿನ ಮೇಲಿದೀನಿ."

ಅನ್ನ ತಳ ಹಿಡಿಯಿತು. ಮನೆಯಲ್ಲಿ ಮೂರು ಜನ, ಒಬ್ಬರ ಮೂಗಿಗೂ ವಾಸನೆ ಬಡಿಯಲಿಲ್ಲ. ಖುಷಿಗೆ ನನಗೆ ಕೂರುವುದಕ್ಕೂ ಆಗಲಿಲ್ಲ, ನಿಲ್ಲುವುದಕ್ಕೂ ಆಗಲಿಲ್ಲ.

ಮೇ 6, ಮಂಗಳವಾರ

ಬ್ಯಾಂಕಿನ ಹುಡುಗಿಯನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ನನ್ನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತೆ. ಮನಸ್ಸಾದರೂ ಕಾಲು ಪೆಡಲಿಗೆ ಎಟುಕಬಾರದು.

"ಮೇಡಂ, ಯಾಕೆ ಅಷ್ಟು ಹಿಂದೆ ಕೂತ್ರಿ?"

"ಇನ್ಮೇಲೆ ಬ್ರೇಕ್ ತಾನೇ ಬೀಳಲ್ಲ ಕಣಮ್ಮ. ಇರೋದು ನಿಂದೊಂದೇ."

ಮೊದಲ ಸುತ್ತಿನಲ್ಲಿ ಮೂರು ಕಡೆ ಇಂಜಿನ್ ಆಫ್ ಮಾಡಿದಳು. ಒಂದು ಸಲ ಧಡಕ್ಕನೆ ಬ್ರೇಕ್ ತುಳಿದಳು, ಇಬ್ಬರ ತಲೆಯೂ ಮುಂದಕ್ಕೆ ಹೋಯಿತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಕೊನೆಕೊನೆಗೆ ತಿರುವಿನಲ್ಲಿ ಮೆತ್ತಗೆ, ಬೆಣ್ಣೆಯ ಹಾಗೆ ನಿಧಾನ ಮಾಡಿದಳು. ಅವಳೇ. ಪೂರ್ತಿ ಅವಳೇ. ಕಾರು ನಿಲ್ಲಿಸಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಹದಿನೆಂಟು ವರ್ಷದ ಕೆಲಸ ಬಿಡುವ ಹೊತ್ತಿಗೆ ಅದನ್ನು ಮಾಡುವುದು ಹೇಗೆ ಅಂತ ಗೊತ್ತಾಗಿದೆ. ಬೇಸರವೂ ಆಗುತ್ತಿದೆ.

ಮೇ 8, ಗುರುವಾರ

ಹೊಸ ಇರುವೆಯನ್ನು ನಿನ್ನೆ ಗುಂಪಿಗೆ ಬಿಟ್ಟೆ. ಒಬ್ಬರು ಮುಗಿಸಿದ್ದಾರೆ! "ಆ ಸೌಟು ಮಾಡಿದವರ ಕೈಗೆ ಸೌಟಿನಿಂದಲೇ ಹೊಡೆಯಬೇಕು" ಅಂತ ಬರೆದಿದ್ದಾರೆ, ಕೊನೆಗೆ ನಗುವ ಮುಖ. ಆ ವಾಕ್ಯವನ್ನು ಇವರಿಗೆ ಓದಿ ಹೇಳಿದೆ. ಅತ್ತೆಗೆ ಓದಿ ಹೇಳಿದೆ. ಓನರಿಗೆ ಕೂಡ ಫೋನ್ ಮಾಡಿ ಓದಿ ಹೇಳಿದೆ, ಅವರಿಗೆ ತಲೆಬುಡ ಅರ್ಥವಾಗಲಿಲ್ಲ, "ಒಳ್ಳೇದಮ್ಮ" ಅಂದರು.

ಮೇ 10, ಶನಿವಾರ

ನಾಲ್ಕು. ನಾಲ್ಕು ಜನ ಮುಗಿಸಿದ್ದಾರೆ. ನಾಳೆ ಸಂಜೆಯೊಳಗೆ ಇನ್ನೊಬ್ಬರು. ಒಬ್ಬರೇ ಒಬ್ಬರು.

ಮೇ 11, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆಯಿಂದ ಇಬ್ಬರು ಬಂದು ಸೌಟಿನವರೆಗೆ ಹೋಗಿ ಬಿಟ್ಟು ಹೋದರು. ಈಗ ಮೂರನೆಯವರು ಆಡುತ್ತಿದ್ದಾರೆ. ಹೆಸರಿಲ್ಲ, ಹೆಸರಿನ ಜಾಗದಲ್ಲಿ ಬಾತುಕೋಳಿಯ ಚಿತ್ರ. ಗಂಡೋ ಹೆಣ್ಣೋ, ಚಿಕ್ಕವರೋ ದೊಡ್ಡವರೋ ದೇವರಿಗೇ ಗೊತ್ತು.

ಬರೆಯುತ್ತಿರುವುದು ಯಾಕೆ ಅಂದರೆ, ಕೈಯಲ್ಲಿ ಪೆನ್ನಿಲ್ಲದಿದ್ದರೆ ಅದು ಸೀದಾ ಸುಳಿವಿನ ಗುಂಡಿಗೆ ಹೋಗುತ್ತದೆ.

ಬಾತುಕೋಳಿ ತಟ್ಟೆ ದಾಟಿತು. ಒಲೆ ದಾಟಿತು. ಸೌಟಿನ ಮೇಲೆ ಬಂದು ಬಿತ್ತು. ಮತ್ತೆ ಬಿತ್ತು. ಹನಿ ಬಿದ್ದ ಮೇಲೆ ಓಡಬೇಕು, ಅದು ಬೀಳುವ ಮೊದಲೇ ಓಡುತ್ತಿದೆ. ಹನಿ ನೋಡು. ಹನಿ ನೋಡು ಮಾರಾಯ. ಮತ್ತೆ ಬಿತ್ತು. ನನ್ನ ಬಲಗಾಲು ಮೇಜಿನ ಕೆಳಗೆ ನೆಲ ತುಳಿಯುತ್ತಿದೆ, ಮಂಡಿ ಚುಳಕ್ ಅನ್ನುತ್ತಿದೆ.

ನಿಂತುಬಿಟ್ಟಿತು. ಅಲ್ಲಾಡುತ್ತಿಲ್ಲ. ಎದ್ದು ಹೋಯಿತಾ... ಹೋಗಬೇಡ. ಒಂದೇ ಮಾತು ಹೇಳಿದರೆ ದಾಟುತ್ತದೆ. ಹೇಳಿದರೆ ಲೆಕ್ಕಕ್ಕಿಲ್ಲ, ಹೇಳದಿದ್ದರೆ ಹೋಗಿಬಿಟ್ಟರೆ? ಅತ್ತೆ ಬಂದು ನನ್ನ ಹಿಂದೆ ನಿಂತಿದ್ದಾರೆ. ಹೆಗಲ ಮೇಲೆ ಕೈಯಿಟ್ಟಿದ್ದಾರೆ.

ಹೋಗಿಲ್ಲ. ಸುಮ್ಮನೆ ನಿಂತು ನಲ್ಲಿ ನೋಡುತ್ತಿತ್ತು. ಒಂದು ಹನಿ ಬೀಳಲು ಬಿಟ್ಟಿತು. ಇನ್ನೊಂದೂ ಬಿಟ್ಟಿತು. ಈಗ ಹೊರಟಿತು. ಅರ್ಧ. ನಿಂತಿತು. ಹನಿ. ಮತ್ತೆ ಹೊರಟಿತು —

ದಾಟಿತು! ಬಿರುಕಿನೊಳಗೆ ಹೋಯಿತು. ಹಸಿರು ಗುರುತು ಬಂತು. ಐದು. ಅತ್ತೆ ನನ್ನ ತಲೆಗೊಂದು ಮೊಟಕಿ "ನಿನ್ನ ಗಂಡನಿಗೆ ಹೇಳ್ಬೇಕು" ಅಂತ ಹೊರಗೆ ಓಡಿದರು. ಓಡಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ. ಕಣ್ಣಲ್ಲಿ ನೀರು, ಏನೂ ಕಾಣುತ್ತಿಲ್ಲ. ಅರ್ಜಿ ಹಾಕಬೇಕು, ಈಗಲೇ ಹಾಕುತ್ತೇನೆ, ಈಗಲೇ...

ಬಾತುಕೋಳಿ ಹೋಗಿಲ್ಲ. ಮುಗಿದ ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಬೇಕಂತಲೇ ತಟ್ಟೆಯಿಂದ ಬೀಳಿಸಿ ನೋಡಿತು. ಇರುವೆ ಮೀಸೆ ಒರೆಸಿಕೊಂಡಿತು. ಇನ್ನೊಮ್ಮೆ ಬೀಳಿಸಿತು. ಈಗ ಸೌಟಿನ ಹಿಡಿಯ ಮೇಲೆ ಹತ್ತುತ್ತಿದೆ, ತುತ್ತತುದಿಗೆ, ಆ ಕಡೆ ಯಾರೂ ಹೋಗುವುದಿಲ್ಲ. ಅಲ್ಲಿಂದ ಕಿಟಕಿಗೆ ಹಾರಬೇಕಂತ ಕಾಣುತ್ತದೆ. ಅಲ್ಲಿ ದಾರಿಯೇ ಇಲ್ಲ, ನಾನು ಮಾಡಿಯೇ ಇಲ್ಲ, ನನಗೇ ಗೊತ್ತಿಲ್ಲ ಅಲ್ಲಿಂದ ಹಾರಿದರೆ ಏನಾಗುತ್ತದೆ ಅಂತ, ಆದರೂ ಅದು ಹಿಂದಕ್ಕೆ ಬಂದು, ವೇಗ ತೆಗೆದುಕೊಂಡು